ಮೊದಲು ಗಾಳಿ, ಆಮೇಲೆ ಗಾಳಿಯಂತ್ರ



ಗದಗ, ಚಿತ್ರದುರ್ಗ, ದಾವಣಗೆರೆಯ ಗುಡ್ಡಸಾಲುಗಳ ಮೇಲೆ ನಿಂತ ದೊಡ್ಡ ಗಾಳಿಯಂತ್ರಗಳನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ರಾಜ್ಯದಲ್ಲಿ ಅವುಗಳ ಒಟ್ಟು ಸಾಮರ್ಥ್ಯ 5,000 ಮೆಗಾವ್ಯಾಟ್ ದಾಟಿದೆ. ಅವುಗಳ ಬಗ್ಗೆ ಬರೆಯುವವರು, ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಇವತ್ತು ನಾನು ಆರಿಸಿಕೊಂಡಿರುವುದು ಅವುಗಳ ಕಿರಿಯ ತಮ್ಮನನ್ನು. ಎರಡು ಮೂರು ಮೀಟರ್ ಅಗಲಕ್ಕೆ ತಿರುಗುವ, ಒಂದು ಕಿಲೋವ್ಯಾಟ್ ಆಸುಪಾಸಿನ ಯಂತ್ರ. ತೋಟದ ಮನೆಗೆ, ಗುಡ್ಡದ ಮೇಲಿನ ಶಾಲೆಗೆ, ಲೈನು ಎಳೆಯಲು ಆಗದ ನಾಲ್ಕು ಮನೆಗಳ ಗುಂಪಿಗೆ ದೀಪ, ಪಂಪು, ಫೋನು, ಒಂದು ಫ್ರಿಜ್ಜು ನಡೆಸಬಲ್ಲ ಯಂತ್ರ.

ಈ ವಿಷಯವೇ ಏಕೆ ಎಂದರೆ, ಇಷ್ಟು ಉತ್ಸಾಹದಿಂದ ತಂದು ಇಷ್ಟು ಬೇಗ ಕೈಬಿಟ್ಟ ಸಾಧನವನ್ನು ನಾನು ಬೇರೆ ಕಂಡಿಲ್ಲ. ಇದರಲ್ಲಿ ತಪ್ಪು ಗಾಳಿಯದ್ದಲ್ಲ, ಬಹಳ ಸಲ ಯಂತ್ರದ್ದೂ ಅಲ್ಲ. ಯಂತ್ರ ಕೊಂಡ ಮೇಲೆ ಜಾಗ ಹುಡುಕುತ್ತೇವೆ, ಜಾಗ ಸಿಕ್ಕ ಮೇಲೆ ಗಾಳಿ ಬರಲಿ ಎಂದು ಕಾಯುತ್ತೇವೆ. ಕೆಲಸವನ್ನು ತಲೆಕೆಳಗು ಮಾಡಿ ಫಲ ಬರಲಿಲ್ಲ ಎಂದರೆ ಹೇಗೆ? ಮೊದಲು ಗಾಳಿ, ಆಮೇಲೆ ಕಂಬ, ಕೊನೆಯಲ್ಲಿ ಯಂತ್ರ. ನಾನು ಇಂದು ಹೇಳಬೇಕೆಂದಿರುವುದೆಲ್ಲ ಈ ಸಾಲಿನ ವಿಸ್ತರಣೆ.

ಬಯಲುಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಆರ್‌ಸಿಸಿ ಚಾವಣಿಯ ಮೇಲೆ ಎಂಟಡಿ ಪೈಪು, ಅದರ ತುದಿಯಲ್ಲಿ ಮೂರು ರೆಕ್ಕೆ. ಚಾವಣಿಯ ಪಶ್ಚಿಮಕ್ಕೆ, ಇಪ್ಪತ್ತು ಹೆಜ್ಜೆಯ ಒಳಗೇ, ಎರಡು ದೊಡ್ಡ ಬೇವಿನ ಮರ. ಆಷಾಢದ ಗಾಳಿ ಬೀಸುವುದೇ ಪಶ್ಚಿಮದಿಂದ. ಆ ಗಾಳಿ ಬೇವಿನ ನೆತ್ತಿಗೆ ಬಡಿದು, ಮುರಿದು, ಸುಳಿಸುಳಿಯಾಗಿ ಚಾವಣಿಗೆ ಇಳಿಯುತ್ತಿತ್ತು. ಯಂತ್ರ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಮುಖ ತಿರುಗಿಸುತ್ತ, ನಾಲ್ಕು ಸುತ್ತು ಹಾಕಿ ನಿಲ್ಲುತ್ತಿತ್ತು. ಕೆಳಗಿನ ತರಗತಿಯ ಗೋಡೆಗೆ ಕೈಯಿಟ್ಟರೆ ಅದುರುವುದು ಗೊತ್ತಾಗುತ್ತಿತ್ತು. ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿತ್ತು. ಮಕ್ಕಳನ್ನು ಕೇಳಿದರೆ, ‘ಅದು ತಿರುಗ್ತದೆ ಸಾರ್, ಆದ್ರೆ ಲೈಟ್ ಹತ್ತಲ್ಲ’ ಎಂದರು. ಆ ಯಂತ್ರಕ್ಕೆ ದುಡ್ಡು ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದರು. ಗಾಳಿಯ ಶಕ್ತಿ ಎಂದರೆ ಇಷ್ಟೇ ಎಂದು ಆ ಮಕ್ಕಳು ತಿಳಿದುಬಿಟ್ಟರಲ್ಲ, ನನಗೆ ನೋವಾದದ್ದು ಅದಕ್ಕೆ.

ಗಾಳಿಯ ಲೆಕ್ಕ ಬಹಳ ಬಿಗಿ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಇಮ್ಮಡಿಯಾದಾಗ ಒಂದು ಸೆಕೆಂಡಿನಲ್ಲಿ ರೆಕ್ಕೆಗಳ ಮೂಲಕ ಹಾಯುವ ಗಾಳಿಯ ತೂಕವೂ ಇಮ್ಮಡಿ, ಅದರ ಪ್ರತಿ ಕಿಲೋ ಹೊತ್ತು ತರುವ ಚಲನಶಕ್ತಿ ನಾಲ್ಕು ಪಟ್ಟು. ಎರಡನ್ನೂ ಗುಣಿಸಿದರೆ ಎಂಟು. ಸಮುದ್ರಮಟ್ಟದಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. 700 ಮೀಟರ್ ಎತ್ತರದ ನಮ್ಮ ಬಿಸಿಲು ಬಯಲಲ್ಲಿ 1.07 ಕಿಲೋ, ನೂರಕ್ಕೆ ಹತ್ತು ಹನ್ನೆರಡು ಪಾಲು ಅಲ್ಲೇ ಹೋಯಿತು. ಈ ಗಾಳಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸಿದರೆ ಒಂದು ಚದರ ಮೀಟರ್ ವಿಸ್ತಾರದಲ್ಲಿ ಇರುವುದು 67 ವ್ಯಾಟ್ ಮಾತ್ರ. 10 ಮೀಟರ್ ವೇಗದಲ್ಲಿ 535 ವ್ಯಾಟ್.

ಅದನ್ನೂ ಪೂರ್ತಿ ಕಿತ್ತುಕೊಳ್ಳಲಾಗದು. ಗಾಳಿ ತನ್ನ ಶಕ್ತಿಯನ್ನೆಲ್ಲ ಒಪ್ಪಿಸಿದರೆ ರೆಕ್ಕೆಯ ಹಿಂದೆ ಅಲ್ಲೇ ನಿಂತುಬಿಡಬೇಕು. ಹಾಗೆ ನಿಂತರೆ ಹಿಂದಿನಿಂದ ಬರುವ ಗಾಳಿಗೆ ದಾರಿಯಿಲ್ಲ. ಜರ್ಮನಿಯ ಆಲ್ಬರ್ಟ್ ಬೆಟ್ಜ್ 1920ರಲ್ಲಿ ಇದರ ಮೇರೆಯನ್ನು ಲೆಕ್ಕಹಾಕಿ ತೋರಿಸಿದರು: ಗಾಳಿಯಲ್ಲಿರುವುದರ ಶೇಕಡ 59.3. ಅದರಾಚೆಗೆ ಯಾವ ಯಂತ್ರವೂ ಹೋಗದು. ಸಣ್ಣ ಯಂತ್ರಗಳು ರೆಕ್ಕೆ, ಜನರೇಟರು, ತಂತಿ ಎಲ್ಲದರ ನಷ್ಟ ಕಳೆದು ಕಾಲುಭಾಗ ಕೊಟ್ಟರೆ ಒಳ್ಳೆಯ ಯಂತ್ರ ಎನ್ನಬೇಕು.

ಈಗ 2.4 ಮೀಟರ್ ವ್ಯಾಸದ ಯಂತ್ರವೊಂದನ್ನು ತೆಗೆದುಕೊಳ್ಳಿ. ಅದು ಗುಡಿಸುವ ವೃತ್ತದ ವಿಸ್ತಾರ 4.5 ಚದರ ಮೀಟರ್. ಸೆಕೆಂಡಿಗೆ 12 ಮೀಟರ್ ಗಾಳಿಯಲ್ಲಿ, ಅಂದರೆ ಗಂಟೆಗೆ 43 ಕಿಲೋಮೀಟರ್ ವೇಗದಲ್ಲಿ, ಅದು ಒಂದು ಕಿಲೋವ್ಯಾಟ್ ಕೊಡುತ್ತದೆ. ಮಾರುವವರು ಫಲಕದ ಮೇಲೆ ಬರೆಯುವುದು ಇದನ್ನೇ. ಆದರೆ ಅಂಥ ಗಾಳಿ ವರ್ಷದಲ್ಲಿ ಎಷ್ಟು ಗಂಟೆ? ನಮಗೆ ದಿನಾ ಸಿಗುವ 5 ಮೀಟರ್ ಗಾಳಿಯಲ್ಲಿ ಅದೇ ಯಂತ್ರ ಕೊಡುವುದು ಸುಮಾರು 75 ವ್ಯಾಟ್. ಆದ್ದರಿಂದ ಯಂತ್ರ ಎಷ್ಟು ಕಿಲೋವ್ಯಾಟಿನದು ಎಂದು ಕೇಳಬೇಡಿ. ರೆಕ್ಕೆಯ ವ್ಯಾಸ ಎಷ್ಟು, ನನ್ನ ಜಾಗದ ಸರಾಸರಿ ಗಾಳಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಕೇಳಿ. ಇದಕ್ಕೆ ಉತ್ತರ ಕೊಡದ ಮಾರಾಟಗಾರರ ಹತ್ತಿರ ವ್ಯವಹಾರ ಬೇಡ.

ಇದು ನಮ್ಮಲ್ಲಿ ಮಾತ್ರ ಇರುವ ಸಮಸ್ಯೆ ಎಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 2007-08ರಲ್ಲಿ ಮನೆ, ಕಟ್ಟಡಗಳ ಮೇಲೆ ಕೂರಿಸಿದ 26 ಪುಟ್ಟ ಗಾಳಿಯಂತ್ರಗಳಿಗೆ ಮೀಟರ್ ಹಾಕಿ ಕಾದು ನೋಡಿದರು. ವಾರಿಕ್ ಪರೀಕ್ಷೆ ಎಂದು ಅದು ಪ್ರಸಿದ್ಧ. ಕೆಟ್ಟು ನಿಂತ, ಆಫ್ ಮಾಡಿಟ್ಟ ದಿನಗಳನ್ನೂ ಸೇರಿಸಿದರೆ ಒಂದು ಯಂತ್ರ ಸರಾಸರಿ ದಿನಕ್ಕೆ ಕೊಟ್ಟದ್ದು 214 ವ್ಯಾಟ್-ಅವರ್, ಅಂದರೆ ವರ್ಷವಿಡೀ ತಿರುಗಿ 78 ಯೂನಿಟ್. ಗಾಳಿ ಕಡಿಮೆಯಿದ್ದ ಕೆಲವು ಕಡೆ ಯಂತ್ರದ ಇನ್ವರ್ಟರು ನುಂಗಿದ ಕರೆಂಟೇ ಯಂತ್ರ ಹುಟ್ಟಿಸಿದ್ದಕ್ಕಿಂತ ಹೆಚ್ಚಾಗಿತ್ತು! ಅದೇ ಕಾಲಕ್ಕೆ ನೆದರ್ಲೆಂಡ್ಸಿನ ಝೀಲ್ಯಾಂಡ್ ಪ್ರಾಂತದ ಬಯಲೊಂದರಲ್ಲಿ ಬೇರೆ ಬೇರೆ ಮಾದರಿಯ ಸಣ್ಣ ಯಂತ್ರಗಳನ್ನು 12 ಮೀಟರ್ ಕಂಬಗಳ ಮೇಲೆ ಸಾಲಾಗಿ ನಿಲ್ಲಿಸಿ ಒಂದು ವರ್ಷ ಅಳೆದರು. ಗಾಳಿಯ ಸರಾಸರಿ 3.8 ಮೀಟರ್. ಐದು ಮೀಟರ್ ವ್ಯಾಸದ ಸಾದಾ ಮೂರು ರೆಕ್ಕೆ ಯಂತ್ರ 2,691 ಯೂನಿಟ್ ಕೊಟ್ಟಿತು, 3.7 ಮೀಟರಿನದು 2,109. ನೋಡಲು ಬಲು ಚೆಂದವಾಗಿದ್ದ, ಪತ್ರಿಕೆಗಳಲ್ಲಿ ಫೋಟೊ ಬಂದಿದ್ದ, ಒಂದು ಮೀಟರ್ ಅಗಲದ ಚೆಂಡಿನಾಕಾರದ ಯಂತ್ರ ಕೊಟ್ಟದ್ದು 73 ಯೂನಿಟ್. ಎಲ್ಲಕ್ಕೂ ಒಂದೇ ಬಯಲು, ಒಂದೇ ವರ್ಷ, ಒಂದೇ ಗಾಳಿ. ಹೊಸ ಆಕಾರದ, ಸುರುಳಿ ಸುತ್ತಿದ, ನೆಟ್ಟಗೆ ನಿಂತು ತಿರುಗುವ ಯಂತ್ರಗಳ ವಿಡಿಯೋ ಕಳಿಸಿ ಅಭಿಪ್ರಾಯ ಕೇಳುವ ತರುಣರಿಗೆ ನಾನು ಈ ಅಂಕಿಗಳನ್ನು ಓದಲು ಹೇಳುತ್ತೇನೆ. ಗುಡಿಸುವ ವಿಸ್ತಾರ ಚಿಕ್ಕದಾದರೆ ಆಕಾರ ಏನೇ ಇರಲಿ, ಕೈಗೆ ಬರುವುದು ಚಿಕ್ಕದೇ.

ಹಾಗಾದರೆ ಮೊದಲ ಕೆಲಸ ಅಳೆಯುವುದು. ಈ ಮಾತಿಗೆ ಬೆಂಗಳೂರಿನಲ್ಲಿ ಒಬ್ಬರ ಹೆಸರು ನೆನೆಯದೆ ಮುಂದೆ ಹೋಗಬಾರದು: ಅಣ್ಣಾ ಮಣಿ. 1918ರಲ್ಲಿ ಪೀರುಮೇಡಿನಲ್ಲಿ ಹುಟ್ಟಿ, 1940ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸಿ.ವಿ. ರಾಮನ್ ಅವರಲ್ಲಿ ವಜ್ರ ಮಾಣಿಕ್ಯಗಳ ಬೆಳಕನ್ನು ಅಧ್ಯಯನ ಮಾಡಿದವರು. ಮುಂದೆ ಹವಾಮಾನ ಇಲಾಖೆ ಸೇರಿ, ಹೊರದೇಶದಿಂದ ತರಿಸುತ್ತಿದ್ದ ಮಾಪಕಗಳನ್ನು ಇಲ್ಲೇ ತಯಾರಿಸುವ ವ್ಯವಸ್ಥೆ ಕಟ್ಟಿದರು. 1976ರಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದ ಮೇಲೆ ಬೆಂಗಳೂರಿಗೆ ಮರಳಿ, ಗಾಳಿಯ ವೇಗ ಮತ್ತು ಬಿಸಿಲನ್ನು ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯೊಂದನ್ನು ನಡೆಸಿದರು. ದೇಶದ ನೂರಾರು ಕಡೆ ಕಂಬ ನೆಟ್ಟು ಗಾಳಿ ಅಳೆದ ಸಮೀಕ್ಷೆಗೆ ದಾರಿ ಹಾಕಿದವರು ಅವರು. ಇಂದು ಗುಡ್ಡಗಳ ಮೇಲೆ ದೊಡ್ಡ ಯಂತ್ರಗಳು ನಿಂತಿರುವುದು ಅಂಥ ಅಳತೆಯ ಮೇಲೆ. ದೊಡ್ಡ ಕಂಪನಿಗಳು ಅಳೆಯದೆ ಒಂದು ಕಲ್ಲೂ ಇಡುವುದಿಲ್ಲ. ಸಣ್ಣವರು ಮಾತ್ರ ಅಳೆಯದೆ ಕಂಬ ನೆಡುತ್ತಾರೆ.

ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ನಕ್ಷೆ ನೋಡಿದರೆ ನಿಮ್ಮ ಸೀಮೆಯ ಗಾಳಿಯ ಅಂದಾಜು ಸಿಗುತ್ತದೆ. ಆದರೆ ಆ ನಕ್ಷೆ ದೊಡ್ಡ ಯಂತ್ರಗಳ ಎತ್ತರಕ್ಕೆ ಮಾಡಿದ್ದು. ನಿಮ್ಮ ಹಿತ್ತಲಿನ ಹುಣಿಸೆ ಮರ ಅದಕ್ಕೆ ಗೊತ್ತಿಲ್ಲ. ಅದಕ್ಕಾಗಿ ನೆಲದ ಮೇಲೆ ನಿಂತು ನೋಡಬೇಕು. ಎಲೆ ಮಾತ್ರ ಅಲುಗಿದರೆ ಸೆಕೆಂಡಿಗೆ ಎರಡು ಮೂರು ಮೀಟರ್. ಯಂತ್ರಕ್ಕೆ ಅದು ಲೆಕ್ಕಕ್ಕಿಲ್ಲ. ಧೂಳೆದ್ದು ನೆಲದ ಕಾಗದ ಹಾರತೊಡಗಿದರೆ ಐದೂವರೆಯಿಂದ ಎಂಟು ಮೀಟರ್. ಅಲ್ಲಿಂದ ಮಾತು ಶುರು. ವರ್ಷಾನುಗಟ್ಟಲೆ ಒಂದೇ ದಿಕ್ಕಿಗೆ ಬಾಗಿ ಬೆಳೆದ ಮರ ಕಂಡರೆ ಅದು ಒಳ್ಳೆಯ ಸಾಕ್ಷಿ. ಊರಿನ ಹಿರಿಯ ರೈತರನ್ನು ಕೇಳಿ. ಗಾಳಿ ಬಂದಾಗ ತೂರಿಕೋ ಎಂಬ ಮಾತು ಕಣದಲ್ಲೇ ಹುಟ್ಟಿದ್ದು. ಯಾವ ಹೊತ್ತಿಗೆ ಗಾಳಿ ಏಳುತ್ತದೆ, ಯಾವ ದಿಬ್ಬದ ಮೇಲೆ ಕಣ ಮಾಡಿದರೆ ಹೊಟ್ಟು ಚೆನ್ನಾಗಿ ಹಾರುತ್ತದೆ ಎಂದು ಮೆಷಿನ್ನು ಬರುವ ಮೊದಲು ರಾಶಿ ತೂರಿದವರಿಗೆ ಬಾಯಿಪಾಠ. ಆ ತಿಳಿವಳಿಕೆಯನ್ನು ಜಾಗ ಆರಿಸುವುದಕ್ಕೆ ಬಳಸಿ. ಆಮೇಲೆ ಆ ಜಾಗದಲ್ಲಿ, ಯಂತ್ರ ನಿಲ್ಲಬೇಕಾದ ಎತ್ತರದಲ್ಲೇ, ಮೂರು ಬಟ್ಟಲು ತಿರುಗುವ ವೇಗಮಾಪಕ ಕಟ್ಟಿ ಒಂದು ವರ್ಷ ದಾಖಲಿಸಿ. ವರ್ಷ ಆಗದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಜೊತೆಗೆ ಚಳಿಗಾಲದ ಎರಡು ತಿಂಗಳು. ಇಷ್ಟೂ ಮಾಡಲು ಪುರುಸೊತ್ತಿಲ್ಲದವರು ಯಂತ್ರ ಕೊಳ್ಳದಿರುವುದೇ ಮೇಲು.

ಎರಡನೆಯದು ಕಂಬ. ಈ ಇಡೀ ಕಸುಬಿನಲ್ಲಿ ಅತಿ ಹೆಚ್ಚು ಕಡೆಗಣಿಸಿರುವುದು ಇದನ್ನೇ. ಒಂದು ಕಟ್ಟಡವೋ ಮರಗಳ ಸಾಲೋ ಇದ್ದರೆ ಅದರ ಹಿಂದೆ ಗಾಳಿ ಕದಡಿಹೋಗಿರುತ್ತದೆ. ಅಡ್ಡವಿರುವುದರ ಎತ್ತರದ ಎರಡರಷ್ಟು ಮೇಲಕ್ಕೆ, ಇಪ್ಪತ್ತರಷ್ಟು ದೂರಕ್ಕೆ ಆ ಕದಡು ಚಾಚಿಕೊಂಡಿರುತ್ತದೆ. ಕದಡಿದ ಗಾಳಿಯಲ್ಲಿ ಶಕ್ತಿಯೂ ಕಡಿಮೆ, ರೆಕ್ಕೆ ಬೇರಿಂಗುಗಳಿಗೆ ಏಟೂ ಹೆಚ್ಚು. ಆದ್ದರಿಂದ ಕಸುಬುದಾರರ ನಿಯಮ ಇದು: ಸುತ್ತಲಿನ 150 ಮೀಟರ್ ಒಳಗೆ ಇರುವ ಎಲ್ಲಕ್ಕಿಂತ ಎತ್ತರದ ವಸ್ತುವಿಗಿಂತ ರೆಕ್ಕೆಯ ಕೆಳತುದಿ ಹತ್ತು ಮೀಟರ್ ಮೇಲಿರಬೇಕು. ಮರ ಬೆಳೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊಲ, ಬದು, ಅಲ್ಲೊಂದು ಇಲ್ಲೊಂದು ಮರ ಇರುವ ನಮ್ಮ ಬಯಲಿನಲ್ಲಿ 10 ಮೀಟರಿಂದ 20 ಮೀಟರಿಗೆ ಏರಿದರೆ ಗಾಳಿಯ ವೇಗ ಶೇಕಡ 15ರಷ್ಟು ಹೆಚ್ಚುವುದು ಸಾಮಾನ್ಯ. ಹದಿನೈದೇ ಎನ್ನಬೇಡಿ, ಎಂಟು ಪಟ್ಟಿನ ಆ ಲೆಕ್ಕ ಇಲ್ಲಿ ನಮ್ಮ ಪಕ್ಷಕ್ಕೆ ಬಂದು ಶಕ್ತಿ ಒಂದೂವರೆ ಪಟ್ಟಾಗುತ್ತದೆ. ಅದೇ ಯಂತ್ರ, ಅದೇ ಜಾಗ, ಹತ್ತು ಮೀಟರ್ ಹೆಚ್ಚು ಪೈಪು. ಯಂತ್ರಕ್ಕಿಂತ ಕಂಬಕ್ಕೆ ಹೆಚ್ಚು ಖರ್ಚಾಗುವುದುಂಟು. ಆಗಲಿ. ಆ ಖರ್ಚನ್ನು ಉಳಿಸಲು ಹೋದವರೇ ಯಂತ್ರದ ದುಡ್ಡನ್ನೂ ಕಳೆದುಕೊಂಡಿರುವುದು. ಗುಡ್ಡವಿದ್ದರೆ ನುಣುಪಾಗಿ ಏರುವ ನೆತ್ತಿ ಒಳ್ಳೆಯದು, ಗಾಳಿ ಅಲ್ಲಿ ಒತ್ತಿಕೊಂಡು ವೇಗವಾಗುತ್ತದೆ. ಕಡಿದಾದ ಬಂಡೆಯ ಅಂಚು ಕೆಟ್ಟದ್ದು, ಅಲ್ಲಿ ಗಾಳಿ ಒಡೆಯುತ್ತದೆ. ಮನೆಯ ಚಾವಣಿಯಂತೂ ಬೇಡವೇ ಬೇಡ.

ಸಣ್ಣ ಯಂತ್ರಕ್ಕೆ ಒಪ್ಪುವುದು ಮಲಗಿಸಿ ಎಬ್ಬಿಸುವ ಪೈಪಿನ ಕಂಬ. ಬುಡದಲ್ಲಿ ಕೀಲು, ನಾಲ್ಕು ದಿಕ್ಕಿಗೆ ಬಿಗಿತಂತಿ. ನಮ್ಮ ಲೈನ್‌ಮನ್‌ಗಳ ಮಾತಿನಲ್ಲಿ ಸ್ಟೇ ವೈರ್. ಗೂಟಗಳು ಕಂಬದ ಎತ್ತರದ ಅರ್ಧಕ್ಕಿಂತ ಹತ್ತಿರ ಇರಬಾರದು. ಎಡಬಲದ ಎರಡು ಗೂಟಗಳು ಬುಡದ ಕೀಲಿನ ಮಟ್ಟದಲ್ಲೇ, ಅದೇ ಗೆರೆಯಲ್ಲೇ ಇರಬೇಕು. ಇಲ್ಲದಿದ್ದರೆ ಕಂಬ ಏಳುತ್ತಿದ್ದಂತೆ ಒಂದು ಬದಿಯ ತಂತಿ ಸಡಿಲವಾಗುತ್ತದೆ, ಇನ್ನೊಂದು ಹರಿಯುವಷ್ಟು ಬಿಗಿಯುತ್ತದೆ. ಗದಗ, ಧಾರವಾಡದ ಎರೆ ಭೂಮಿಯವರು ಇನ್ನೊಂದು ಮಾತು ಗಮನಿಸಬೇಕು. ಎರೆ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರಲ್ಲಿ ಮೇಲುಮೇಲೆ ಹೂತ ಗೂಟ ಅಲ್ಲಾಡದೆ ಇರದು. ಕೆಳಗಿನ ಗರಸು ಸಿಗುವವರೆಗೆ ಗುಂಡಿ ತೋಡಿ ಕಾಂಕ್ರೀಟು ಹಾಕಿ. ಮೊದಲ ಮಳೆಗಾಲ ಕಳೆದ ಕೂಡಲೇ ಪ್ರತಿ ತಂತಿಯನ್ನೂ ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿ.

ಎಬ್ಬಿಸುವ ದಿನದ ಬಗ್ಗೆ ಎರಡು ಮಾತು. ಬೆಳಗ್ಗೆ, ಗಾಳಿ ಏಳುವ ಮೊದಲು ಕೆಲಸ ಶುರುವಾಗಬೇಕು. ಕಂಬದ ಬುಡಕ್ಕೆ ಮೂಲೆಮಟ್ಟವಾಗಿ ಇನ್ನೊಂದು ಗಿಡ್ಡ ಪೈಪು ಜೋಡಿಸಿ, ಅದರ ತುದಿಯಿಂದ ಕೈ ವಿಂಚಿನಲ್ಲಿ ಎಳೆಯುವುದು ಕ್ರಮ. ಮೊದಲು ಯಂತ್ರವಿಲ್ಲದೆ ಬರೀ ಕಂಬವನ್ನು ಎಬ್ಬಿಸಿ, ತಂತಿಗಳ ಉದ್ದ ಸರಿಮಾಡಿ, ಮತ್ತೆ ಮಲಗಿಸಿ, ಆಮೇಲೆ ಯಂತ್ರ ಕೂರಿಸಬೇಕು. ಟ್ರ್ಯಾಕ್ಟರ್ ಕಟ್ಟಿ ಎಳೆದರೆ ಐದು ನಿಮಿಷದ ಕೆಲಸ ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಟ್ರ್ಯಾಕ್ಟರಿಗೆ ತಂತಿ ಬಿಗಿದದ್ದು ಗೊತ್ತಾಗುವುದಿಲ್ಲ. ವಿಂಚಿನ ಹಿಡಿಕೆ ತಿರುಗಿಸುವ ಕೈಗೆ ಗೊತ್ತಾಗುತ್ತದೆ. ಕಂಬ ಅರ್ಧ ಎದ್ದಾಗ ಅದರ ಕೆಳಗೆ, ಅದು ಬೀಳಬಹುದಾದ ಅಗಲದಲ್ಲಿ, ಯಾರೂ ನಿಲ್ಲಬಾರದು. ನೋಡಲು ಬಂದ ಮಕ್ಕಳನ್ನು ದೂರ ನಿಲ್ಲಿಸಲೆಂದೇ ಒಬ್ಬರನ್ನು ಇಡಿ. ಎಬ್ಬಿಸಿದ ಮೇಲೆ ಬಿಗಿತಂತಿಗಳನ್ನು ಬಿಗಿಮಾಡುವ ಟರ್ನ್‌ಬಕಲ್‌ಗಳಿಗೆಲ್ಲ ತೆಳು ತಂತಿ ಸುತ್ತಿ ಬೀಗ ಹಾಕಿ. ಅದುರುವಿಕೆಗೆ ಅವು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಇನ್ನು ಯಂತ್ರ. ಗಾಳಿಯಿಂದ ಕರೆಂಟು ತೆಗೆದ ಮೊದಲಿಗರು ಇಂಥ ಸಣ್ಣ ಯಂತ್ರದವರೇ. ಸ್ಕಾಟ್ಲೆಂಡಿನ ಪ್ರಾಧ್ಯಾಪಕ ಜೇಮ್ಸ್ ಬ್ಲೈತ್ 1887ರಲ್ಲಿ ಮೇರಿಕರ್ಕ್ ಎಂಬ ಹಳ್ಳಿಯ ತಮ್ಮ ರಜೆಯ ಮನೆಯ ಅಂಗಳದಲ್ಲಿ ಬಟ್ಟೆಯ ಪಟ ಕಟ್ಟಿದ ಯಂತ್ರ ನಿಲ್ಲಿಸಿ, ಬ್ಯಾಟರಿ ತುಂಬಿಸಿ ಮನೆಗೆ ದೀಪ ಹಾಕಿದರು. ಮಿಕ್ಕ ಕರೆಂಟನ್ನು ಊರ ಬೀದಿಗೆ ಕೊಡುತ್ತೇನೆ ಎಂದಾಗ ಊರವರು ಅದು ಸೈತಾನನ ಕೆಲಸ ಎಂದು ಬೇಡವೆಂದರಂತೆ. 1891ರಲ್ಲಿ ಡೆನ್ಮಾರ್ಕಿನ ಆಸ್ಕೊವ್‌ನಲ್ಲಿ ರೈತಮಕ್ಕಳ ಶಾಲೆಯ ಮೇಷ್ಟ್ರು ಪೌಲ್ ಲಾ ಕೂರ್ ಪ್ರಯೋಗ ಶುರುಮಾಡಿದರು. ಕರೆಂಟಿಗೆ ಬಹಳ ರೆಕ್ಕೆ ಬೇಡ, ಕೆಲವೇ ರೆಕ್ಕೆ ಇದ್ದು ವೇಗವಾಗಿ ತಿರುಗಬೇಕು ಎಂದು ಅಳತೆ ಮಾಡಿ ತೋರಿಸಿದವರು ಅವರು. ನೀರೆತ್ತುವ ಯಂತ್ರಕ್ಕೆ ಬೇರೆ ಲೆಕ್ಕ. ಅಲ್ಲಿ ನಿಧಾನವಾಗಿ, ಬಲವಾಗಿ ತಿರುಗುವ ಬಹಳ ರೆಕ್ಕೆ ಬೇಕು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1960ರ ದಶಕದಲ್ಲಿ ರೂಪಿಸಿದ್ದು ಆ ಜಾತಿಯ ನೀರೆತ್ತುವ ಯಂತ್ರವನ್ನು.

ಆದರೆ ಊರಲ್ಲೇ ಕೈಯಿಂದ ಮಾಡಬಹುದಾದ ಯಂತ್ರ ಎಂದರೆ ನನಗೆ ಆದರ್ಶವಾಗಿ ಕಾಣುವುದು ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯ ಸ್ಕೋರೇಗ್. ಅದು ಮೂರು ಕಡೆ ನೀರಿರುವ ಒಂದು ನಾಲಿಗೆಯಂಥ ನೆಲ. ಅಲ್ಲಿಗೆ ವಾಹನದ ರಸ್ತೆಯಿಲ್ಲ, ದೋಣಿಯಲ್ಲಿ ಇಲ್ಲವೇ ಕಾಲ್ನಡಿಗೆಯಲ್ಲಿ ಹೋಗಬೇಕು. ಕರೆಂಟಿನ ಲೈನೂ ಇಲ್ಲ. 1970ರ ದಶಕದಲ್ಲಿ ಅಲ್ಲಿಗೆ ಬಂದು ನೆಲೆಸಿದ ಹ್ಯೂ ಪಿಗಟ್ ಗುಜರಿ ಸಾಮಾನಿನಿಂದ ಗಾಳಿಯಂತ್ರ ಮಾಡಲು ತೊಡಗಿದರು. ಮಾಡಿ, ಮುರಿದು, ಮತ್ತೆ ಮಾಡಿ, ಕೊನೆಗೆ ಯಾರು ಬೇಕಾದರೂ ಅನುಸರಿಸಬಹುದಾದ ಒಂದು ವಿನ್ಯಾಸವನ್ನು ಅಳತೆ ಸಮೇತ ಪುಸ್ತಕವಾಗಿ ಬರೆದರು. ಇಂದು ನೇಪಾಳ, ಪೆರು, ಆಫ್ರಿಕದ ಹಳ್ಳಿಗಳಲ್ಲಿ ಆ ಯಂತ್ರ ತಿರುಗುತ್ತಿದೆ. ನಮ್ಮ ಪಕ್ಕದ ಆರೋವಿಲ್‌ನಲ್ಲಿ ಮಿನ್‌ವಾಯು ಎಂಬ ಗುಂಪು ಇದೇ ದಾರಿಯಲ್ಲಿ ಯಂತ್ರ ಕಟ್ಟಿ ಕಲಿಸಿದೆ.

ಆ ಯಂತ್ರದಲ್ಲಿ ಗೇರು ಇಲ್ಲ. ಎರಡು ಉಕ್ಕಿನ ತಟ್ಟೆ, ಒಂದೊಂದರ ಮೇಲೆ ಹನ್ನೆರಡು ನಿಯೋಡಿಮಿಯಂ ಆಯಸ್ಕಾಂತ, ಅವೆರಡರ ನಡುವೆ ರಾಳದಲ್ಲಿ ಎರಕ ಹೊಯ್ದ ಒಂಬತ್ತು ತಾಮ್ರದ ಸುರುಳಿ. ಇದು ಅದರ ಸಾಮಾನ್ಯ ರೂಪ. ಸುರುಳಿ ಸುತ್ತುವುದನ್ನು ಪಂಪಿನ ಮೋಟಾರು ರಿವೈಂಡ್ ಮಾಡುವ ನಮ್ಮ ಅಂಗಡಿಯವರು ಒಂದು ಬೆಳಗ್ಗೆಯಲ್ಲಿ ಕಲಿಯಬಲ್ಲರು. ಆಯಸ್ಕಾಂತಗಳ ಹತ್ತಿರ ಮಾತ್ರ ಹುಷಾರು: ಎರಡರ ನಡುವೆ ಬೆರಳು ಸಿಕ್ಕಿದರೆ ಜಜ್ಜಿಹೋಗುತ್ತದೆ. ಸಾಮಾನ್ಯ ದರ್ಜೆಯವು 80 ಡಿಗ್ರಿ ದಾಟಿ ಬಿಸಿಯಾದರೆ ಬಲ ಕಳೆದುಕೊಳ್ಳುತ್ತವೆ, ನೀರು ತಾಗಿದರೆ ತುಕ್ಕು ಹಿಡಿದು ಉಬ್ಬುತ್ತವೆ. ರೆಕ್ಕೆಗಳನ್ನು ನೇರ ಎಳೆಯ, ಗಂಟಿಲ್ಲದ, ಹಗುರವಾದ ಮರದಲ್ಲಿ ಕೆತ್ತುತ್ತಾರೆ. ಬುಡದಲ್ಲಿ ಹೆಚ್ಚು ಓರೆ, ತುದಿಗೆ ಹೋದಂತೆ ಬಹುತೇಕ ಚಪ್ಪಟೆ. 2.4 ಮೀಟರ್ ಯಂತ್ರ 5 ಮೀಟರ್ ಗಾಳಿಯಲ್ಲಿ ನಿಮಿಷಕ್ಕೆ ಸುಮಾರು 240 ಸುತ್ತು ತಿರುಗುತ್ತದೆ. 10 ಮೀಟರ್ ಗಾಳಿಯಲ್ಲಿ ರೆಕ್ಕೆಯ ತುದಿಯ ವೇಗ ಗಂಟೆಗೆ 216 ಕಿಲೋಮೀಟರ್. ಆ ವೇಗದಲ್ಲಿ ಮಳೆಹನಿಯೂ ಮರವನ್ನು ಕೆತ್ತುತ್ತದೆ. ಅದಕ್ಕೇ ಮುಂದಿನ ಅಂಚಿಗೆ ಟೇಪು ಅಂಟಿಸಿ ವರ್ಷಕ್ಕೊಮ್ಮೆ ಬದಲಿಸಬೇಕು. ಮೂರು ರೆಕ್ಕೆಯ ತೂಕ ಸಮವಾಗದಿದ್ದರೆ ಕಂಬವೇ ನಡುಗುತ್ತದೆ.

ಈ ವಿನ್ಯಾಸದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಬಾಲ. ಗಾಳಿಯಂತ್ರ ಕಟ್ಟುವವರ ನಿಜವಾದ ಪರೀಕ್ಷೆ ತಿರುಗಿಸುವುದರಲ್ಲಿಲ್ಲ, ತಡೆಯುವುದರಲ್ಲಿದೆ. ಇಲ್ಲಿ ರೆಕ್ಕೆಗಳ ನಡುಬಿಂದು ಕಂಬದ ನೇರಕ್ಕಿಲ್ಲ. ಕೆಲವೇ ಅಂಗುಲ ಒಂದು ಬದಿಗೆ ಸರಿದಿದೆ. ಹಾಗಾಗಿ ಗಾಳಿ ರೆಕ್ಕೆಯನ್ನು ನೂಕಿದಾಗಲೆಲ್ಲ ತಲೆ ಪಕ್ಕಕ್ಕೆ ಹೊರಳಲು ನೋಡುತ್ತದೆ. ಬಾಲ ಅದನ್ನು ಗಾಳಿಗೆ ಎದುರಾಗಿ ಹಿಡಿದಿರುತ್ತದೆ. ಆದರೆ ಬಾಲದ ಕೀಲು ನೆಟ್ಟಗಿಲ್ಲ, ಸುಮಾರು 20 ಡಿಗ್ರಿ ವಾಲಿದೆ. ಗಾಳಿ ಮೀರಿದಾಗ ತಲೆ ಹೊರಳುತ್ತದೆ. ಹೊರಳಬೇಕಾದರೆ ಬಾಲ ಮೇಲಕ್ಕೆ ಏರಬೇಕು. ಏರುವಾಗ ಅದರ ತೂಕ ಎದುರು ನಿಲ್ಲುತ್ತದೆ. ಗಾಳಿ ಇಳಿದೊಡನೆ ಅದೇ ತೂಕ ಬಾಲವನ್ನು ಕೆಳಗಿಳಿಸಿ ತಲೆಯನ್ನು ಮತ್ತೆ ಗಾಳಿಗೆ ತಿರುಗಿಸುತ್ತದೆ. ಸ್ಪ್ರಿಂಗಿಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ, ನೋಡಿಕೊಳ್ಳುವವರಿಲ್ಲ. ಬಾಲದ ತೂಕ ಹೆಚ್ಚಾದರೆ ಯಂತ್ರ ಬಿರುಗಾಳಿಗೆ ಮುಖಕೊಟ್ಟು ಸುಟ್ಟುಹೋಗುತ್ತದೆ, ಕಡಿಮೆಯಾದರೆ ಒಳ್ಳೆಯ ಗಾಳಿಯಲ್ಲೂ ಮುಖ ತಿರುಗಿಸಿಕೊಂಡಿರುತ್ತದೆ. ತಿರುಗಿಕೊಳ್ಳುವ ಗಳಿಗೆಯನ್ನು ಕೆಳಗೆ ನಿಂತು ಗಮನಿಸಿ, ಆಂಪಿಯರ್ ಮೀಟರ್ ನೋಡುತ್ತ, ಬಾಲಕ್ಕೆ ಅರ್ಧ ಕಿಲೋ ಕೂಡಿಸುವುದೋ ಕಳೆಯುವುದೋ ಮಾಡಬೇಕು.

ವಿದ್ಯುತ್ತಿನ ಕಡೆ ಒಂದು ಮಾತನ್ನು ಸೋಲಾರ್ ಕೆಲಸ ಕಲಿತ ಎಲೆಕ್ಟ್ರಿಷಿಯನ್ನರಿಗೆ ಒತ್ತಿ ಹೇಳಬೇಕು. ಬ್ಯಾಟರಿ ತುಂಬಿದರೆ ಸೋಲಾರ್ ಪ್ಯಾನಲ್ಲನ್ನು ಕತ್ತರಿಸಿ ಬಿಡಬಹುದು, ಏನೂ ಆಗುವುದಿಲ್ಲ. ಗಾಳಿಯಂತ್ರವನ್ನು ಹಾಗೆ ಬಿಟ್ಟರೆ ಹಿಡಿತ ತಪ್ಪಿ ಓಡತೊಡಗುತ್ತದೆ, ರೆಕ್ಕೆ ಕಿತ್ತುಹೋಗುತ್ತದೆ. ಅದಕ್ಕೆ ಯಾವಾಗಲೂ ಒಂದು ಭಾರ ಇರಲೇಬೇಕು. ಬ್ಯಾಟರಿ ತುಂಬಿದಾಗ ಮಿಕ್ಕ ಕರೆಂಟನ್ನು ಹೀಟರ್ ಕಾಯಿಲ್‌ಗೆ ಹರಿಸುವ ಕಂಟ್ರೋಲರು ಹಾಕಬೇಕು. ಆ ಕಾಯಿಲ್ ನೀರನ್ನಾದರೂ ಬಿಸಿಮಾಡಲಿ. ಯಂತ್ರ ನಿಲ್ಲಿಸಲು ಜನರೇಟರಿನಿಂದ ಬರುವ ಮೂರು ತಂತಿಗಳನ್ನು ಒಟ್ಟಿಗೆ ಸೇರಿಸುವ ಸ್ವಿಚ್ಚು ಕಂಬದ ಬುಡದಲ್ಲಿರಲಿ. ಅದನ್ನು ಗಾಳಿ ಇಳಿದಾಗ ಹಾಕಿ, ಬಿರುಗಾಳಿಯ ನಡುವೆ ಹಾಕಿದರೆ ಸುರುಳಿಗಳು ಸುಡಬಹುದು. ಕಂಬದಿಂದ ಮನೆ ದೂರವಿದ್ದರೆ 12 ವೋಲ್ಟ್ ಬೇಡ. 600 ವ್ಯಾಟಿಗೆ ಅಲ್ಲಿ 50 ಆಂಪಿಯರ್ ಹರಿಯಬೇಕು; 48 ವೋಲ್ಟಿನಲ್ಲಿ ಹನ್ನೆರಡೂವರೆ ಸಾಕು, ಅದೇ ತಂತಿಯಲ್ಲಿ ನಷ್ಟ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಬಯಲಿನಲ್ಲಿ ಒಂಟಿಯಾಗಿ ನಿಂತ ಕಬ್ಬಿಣದ ಕಂಬ ಸಿಡಿಲಿಗೆ ಕರೆ ಕೊಟ್ಟಂತೆ. ಬುಡಕ್ಕೂ ಪ್ರತಿ ಗೂಟಕ್ಕೂ ಅರ್ಥಿಂಗ್ ಕೊಡಿ, ಮನೆಯೊಳಗೆ ತಂತಿ ಬರುವಲ್ಲಿ ಸರ್ಜ್ ಅರೆಸ್ಟರ್ ಹಾಕಿ. ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆ ನೋಡಿದವರಿಗೆ ಇದರ ಅಗತ್ಯ ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಮಾಡಿ ಕೈಗೆ ಬರುವುದೆಷ್ಟು? ಅದೇ 2.4 ಮೀಟರ್ ಯಂತ್ರಕ್ಕೆ, ವರ್ಷವಿಡೀ ಗಾಳಿ ಹಂಚಿಕೆಯಾಗುವ ಸಾಮಾನ್ಯ ರೀತಿಯನ್ನು ಹಿಡಿದು, ಗಾಳಿಯಲ್ಲಿರುವುದರಲ್ಲಿ ಐದನೇ ಒಂದು ಪಾಲು ಕೈಗೆ ಸಿಗುತ್ತದೆಂದು ಲೆಕ್ಕ ಹಾಕಿದ್ದೇನೆ. ಸರಾಸರಿ 3 ಮೀಟರ್ ಗಾಳಿಯಿರುವ ಜಾಗದಲ್ಲಿ ವರ್ಷಕ್ಕೆ 200 ಯೂನಿಟ್, 4 ಮೀಟರಿದ್ದರೆ 500, 5 ಮೀಟರಿದ್ದರೆ 1,000. ಒಂದು ಕಿಲೋವ್ಯಾಟ್ ಸೋಲಾರ್ ಪ್ಯಾನಲ್ಲು ನಮ್ಮ ರಾಜ್ಯದಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ವರ್ಷಕ್ಕೆ 1,400ರಷ್ಟು ಕೊಡುತ್ತದೆ. ಅದಕ್ಕೆ ಕಂಬ ಬೇಡ, ಗ್ರೀಸು ಬೇಡ, ಬಿರುಗಾಳಿಯ ರಾತ್ರಿ ಎದ್ದು ನೋಡುವ ಚಿಂತೆಯೂ ಇಲ್ಲ. ಆದ್ದರಿಂದ ಗಾಳಿಯನ್ನು ಪ್ರೀತಿಸುವವನಾಗಿಯೇ ಹೇಳುತ್ತೇನೆ: ಊರೊಳಗಿನ ಮನೆಗಳಿಗೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ, ಅಡಿಕೆ ತೋಟದ ನಡುವಿನ ಮಲೆನಾಡಿನ ಮನೆಗಳಿಗೆ ಗಾಳಿಯಂತ್ರ ಬೇಡ. ಸೋಲಾರ್ ಹಾಕಿಸಿ.

ಗಾಳಿಯಂತ್ರಕ್ಕೆ ನಿಜವಾದ ಹಕ್ಕಿರುವ ಜಾಗ ಬೇರೆ. ಬಯಲುಸೀಮೆಯ ತೆರೆದ ದಿಬ್ಬಗಳು, ಮರವಿಲ್ಲದ ಗುಡ್ಡನೆತ್ತಿಗಳು, ಅಲ್ಲಿನ ಒಂಟಿ ಮನೆಗಳು, ಶಾಲೆಗಳು, ಅರಣ್ಯ ಕಾವಲು ಠಾಣೆಗಳು, ಲೈನು ಎಳೆಯಲು ಕಿಲೋಮೀಟರುಗಟ್ಟಲೆ ಖರ್ಚಾಗುವ ಕಡೆಗಳು. ಅಲ್ಲೂ ಒಂಟಿಯಾಗಿ ಅಲ್ಲ, ಸೋಲಾರಿನ ಜೊತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಪ್ಯಾನಲ್ಲು ಸೊರಗುತ್ತದೆ. ಆ ಮೋಡವನ್ನು ತರುವ ನೈಋತ್ಯ ಮಾರುತವೇ ಯಂತ್ರವನ್ನು ಹಗಲೂ ರಾತ್ರಿ ತಿರುಗಿಸುತ್ತದೆ. ಚಳಿಗಾಲ ಬೇಸಿಗೆಯಲ್ಲಿ ಗಾಳಿ ಕುಗ್ಗಿದಾಗ ಬಿಸಿಲು ತುಂಬಿಕೊಡುತ್ತದೆ. ಎರಡನ್ನೂ ಒಂದೇ ಬ್ಯಾಟರಿಗೆ ಜೋಡಿಸಿದರೆ ಬ್ಯಾಟರಿ ಚಿಕ್ಕದಿದ್ದರೂ ಸಾಕು, ಡೀಸೆಲ್ ಜನರೇಟರು ಬೇಡ. ಈ ಹೊಂದಾಣಿಕೆ ನಮ್ಮ ನೆಲಕ್ಕೆ ಪ್ರಕೃತಿ ಕೊಟ್ಟ ಅನುಕೂಲ; ಬಳಸಿಕೊಳ್ಳದಿರುವುದು ನಷ್ಟವೇ.

ಕೊನೆಯ ಮಾತು ಕೈಗಳ ಬಗ್ಗೆ. ಆಸ್ಕೊವ್‌ನ ಲಾ ಕೂರ್ ಯಂತ್ರ ಮಾಡಿ ಸುಮ್ಮನಾಗಲಿಲ್ಲ; ಹಳ್ಳಿಯ ಹುಡುಗರನ್ನು ಸೇರಿಸಿ ಗಾಳಿ ವಿದ್ಯುತ್ತಿನ ಕೆಲಸ ಕಲಿಸಿದರು. 1904ರ ಸುಮಾರಿಗೆ ಅಲ್ಲಿ ಕಲಿತವರಲ್ಲಿ ಯೋಹಾನೆಸ್ ಯೂಲ್ ಒಬ್ಬರು. 1957ರಲ್ಲಿ ಗೆಸರ್ ಎಂಬಲ್ಲಿ 200 ಕಿಲೋವ್ಯಾಟಿನ ಮೂರು ರೆಕ್ಕೆ ಯಂತ್ರ ಕಟ್ಟಿದವರು ಇವರೇ. ಮುಂದೆ ಡೆನ್ಮಾರ್ಕಿನ ದೊಡ್ಡ ಯಂತ್ರಗಳೆಲ್ಲ ಅದರ ದಾರಿ ಹಿಡಿದವು. ನಮ್ಮ ಶಾಲೆಗಳ ಚಾವಣಿಯ ಮೇಲೆ ಕೆಟ್ಟು ನಿಂತ ಯಂತ್ರಗಳ ಹತ್ತಿರ ಇಲ್ಲದ್ದು ಇಂಥ ಕೈಗಳು. ಮುಂಗಾರಿನ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕಂಬ ಮಲಗಿಸಿ, ಬೋಲ್ಟು ಬಿಗಿದು, ಬೇರಿಂಗ್ ನೋಡಿ, ಟೇಪು ಬದಲಿಸುವವರು ತಾಲ್ಲೂಕಿನೊಳಗೇ ಸಿಗದಿದ್ದರೆ ಆ ಯಂತ್ರಕ್ಕೆ ಎರಡು ಮಳೆಗಾಲಕ್ಕಿಂತ ಹೆಚ್ಚು ಆಯುಸ್ಸಿಲ್ಲ.

ಆದ್ದರಿಂದ ಈ ಕಾಲೇಜಿನ ಪ್ರಾಂಶುಪಾಲರಲ್ಲಿ, ಜಿಲ್ಲೆಯ ಐಟಿಐಗಳ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು. ಯಂತ್ರ ಈಗಲೇ ಕೊಳ್ಳಬೇಡಿ. ಮುಂದಿನ ಜೂನ್‌ಗೆ ಮೊದಲು ನಿಮ್ಮ ಆವರಣದ ತೆರೆದ ಮೂಲೆಯಲ್ಲಿ 20 ಮೀಟರಿನ ಒಂದು ಕಂಬ ಎಬ್ಬಿಸಿ, ಅದರ ತುದಿಗೆ ವೇಗಮಾಪಕ ಕಟ್ಟಿ. ಕಂಬ ಎಬ್ಬಿಸುವುದನ್ನು ವಿದ್ಯಾರ್ಥಿಗಳೇ ಮಾಡಲಿ, ಊರಿನ ಲೈನ್‌ಮನ್ ಪಕ್ಕದಲ್ಲಿ ನಿಂತು ಕಲಿಸಲಿ. ದಿನದಿನದ ಅಂಕಿಗಳನ್ನು ಸೂಚನಾ ಫಲಕದಲ್ಲಿ ಹಾಕಿ, ವರ್ಷದ ಕೊನೆಗೆ ತಾಲ್ಲೂಕಿನ ರೈತರಿಗೆಲ್ಲ ಸಿಗುವಂತೆ ಅಚ್ಚು ಮಾಡಿಸಿ. ಸರಾಸರಿ ನಾಲ್ಕೂವರೆ ಮೀಟರ್ ದಾಟಿದರೆ ನನ್ನನ್ನು ಕರೆಯಿರಿ, ರೆಕ್ಕೆ ಕೆತ್ತಲು ನಾನೇ ಬರುತ್ತೇನೆ. ದಾಟದಿದ್ದರೆ ಆ ದುಡ್ಡಿಗೆ ಸೋಲಾರ್ ಹಾಕಿಸಿ, ಅಳತೆಯ ಪುಸ್ತಕವನ್ನು ಗ್ರಂಥಾಲಯದಲ್ಲಿಡಿ.